ಹೆಡ್ಡಿನ ಮೇಲಿನ ಮೂರು ಗೆರೆ

ಇಂಜಿನ್ ಕಾದ ಮೇಲೆ ಚೊಂಬಿನ ನೀರಲ್ಲಿ ಬೆರಳು ಅದ್ದಿ ಹೆಡ್ಡಿನ ಮುಂದಿನ ತುದಿಗೆ ಒಂದು ಹನಿ ಬಿಟ್ಟೆ. ಹನಿ ಹರಡಿಕೊಂಡು ಮೆಲ್ಲಗೆ ಆರಿತು. ಹಿಂದಿನ ತುದಿಗೆ ಇನ್ನೊಂದು ಹನಿ ಬಿಟ್ಟೆ. ಚುರ್ ಎಂದಿತು, ರೊಟ್ಟಿಯ ಹಂಚಿಗೆ ನೀರು ಚಿಮುಕಿಸಿದ ಹಾಗೆ.

"ನಾಕನೇ ಸಿಲಿಂಡರ್ ಸುಡಾಕತ್ತೈತ್ರಿ ಮಿಸ್ತ್ರಿ," ಎಂದರು ಚಾಚಾ. ಅವರು ಹನಿಯನ್ನು ನೋಡಿರಲಿಲ್ಲ. ಸದ್ದಿನ ಮೇಲೆ ಹೇಳಿದ್ದರು.

ಕುಂದಗೋಳದಲ್ಲಿ ನನ್ನದೊಂದು ಬೋರಿಂಗ್ ಶಾಪ್ ಇದೆ. ಸವೆದ ಇಂಜಿನ್ನಿನ ಸಿಲಿಂಡರ್ ಕೊರೆಯುವುದು, ಸೊಟ್ಟಗಾದ ಹೆಡ್ಡನ್ನು ಸಪಾಟು ಮಾಡುವುದು ನನ್ನ ಕೆಲಸ. ಹೆಡ್ಡು ಎಂದರೆ ಸಿಲಿಂಡರುಗಳ ಮೇಲೆ ಕೂರುವ ದಪ್ಪ ಕಬ್ಬಿಣದ ಮುಚ್ಚಳ. ನನ್ನ ಹತ್ತಿರ ಬರುವುದೆಲ್ಲ ಟ್ರ್ಯಾಕ್ಟರು, ಟಂಟಂ ರಿಕ್ಷಾಗಳ ಮಾಲು. ಅಂಥಲ್ಲಿಗೆ ಚಾಚಾ ತಂದು ನಿಲ್ಲಿಸಿದ್ದು ಅವರ ತಂದೆಯ ಕಾಲದ ಒಂದು ಇಂಗ್ಲಿಷ್ ಕಾರನ್ನು.

ಚಾಚಾ ನಮ್ಮ ಹಿಂದಿನ ಗಲ್ಲಿಯವರು, ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ತಂದೆ ಆ ಕಾರನ್ನು ಸ್ಟೇಶನ್ನಿನಿಂದ ಹಳ್ಳಿಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಊರೂರಿಗೆ ಬಸ್ಸು ಬಂದು ಬಾಡಿಗೆ ನಿಂತಾಗ ಇಂಜಿನ್ ಬಿಚ್ಚಿ, ಕುಬಿಹಾಳದ ಹಳ್ಳದ ದಂಡೆಯಲ್ಲಿ ಗೇಣಿಗೆ ಹಿಡಿದಿದ್ದ ಹೊಲಕ್ಕೆ ನೀರೆತ್ತಲು ಕೂರಿಸಿದರು. ಸೀಮೆಎಣ್ಣೆ ಕುಡಿದು ಅದು ವರ್ಷಗಟ್ಟಲೆ ದುಡಿಯಿತು. ಹೊಲಕ್ಕೆ ಕರೆಂಟು ಬಂದ ಮೇಲೆ ಮನೆಗೆ ಮರಳಿ ಗೋಣಿಚೀಲ ಹೊದ್ದು ಮಲಗಿತು. ಕಾರಿನ ಮೈ ಹಿತ್ತಲಲ್ಲಿ ತಗಡಿನ ಕೆಳಗಿತ್ತು. ನಿವೃತ್ತರಾದ ಮೇಲೆ ಚಾಚಾ ಎರಡನ್ನೂ ಮತ್ತೆ ಒಂದು ಮಾಡಲು ಹೊರಟಿದ್ದರು.

ಅವಸರ ಇದ್ದದ್ದು ಅವರ ಕಣ್ಣಿಗೆ. ಕಣ್ಣಿನ ಒತ್ತಡ ಏರಿ ನರ ಒಣಗುತ್ತ ಹೋಗುವ ಕಾಯಿಲೆ. ಬಾಜುವಿನದೆಲ್ಲ ಆಗಲೇ ಕತ್ತಲಾಗಿ ನಡುವೆ ಕೊಳವೆಯಷ್ಟು ಬೆಳಕು ಉಳಿದಿತ್ತು, ಅದೂ ದಿನದಿನಕ್ಕೆ ಸಣ್ಣದಾಗುತ್ತಿತ್ತು. ರಸ್ತೆಯ ಮೇಲೆ ಇನ್ನು ಗಾಡಿ ಹಿಡಿಯಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ದಿನವೇ ಚಾಚಾ ಸ್ಕೂಟರಿನ ಕೀಲಿಯನ್ನು ಮಗನ ಕೈಗೆ ಕೊಟ್ಟಿದ್ದರು.

"ರಸ್ತಾ ಬ್ಯಾಡ್ರಿ ನನಗ. ಯಾವುದರೆ ಖಾಲಿ ಹೊಲ ಸಾಕು," ಎಂದಿದ್ದರು ನನಗೆ. "ನಮ್ಮ ಅಬ್ಬಾ ನನಗ ಸ್ಟೇರಿಂಗ್ ಹಿಡಿಯೂದು ಕಲಿಸಿದ್ದು ಈ ಗಾಡಿ ಮ್ಯಾಗ. ಕಣ್ಣು ಪೂರಾ ಹೋಗೂದ್ರಾಗ ಒಂದ ಒಂದು ಸುತ್ತು ನನ್ನ ಕೈಲೆ ಓಡಸ್ಬೇಕು. ಅಷ್ಟ."

ಅಷ್ಟ ಅಂತೆ! ಅಷ್ಟು ಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು.

ಹಳೆಯ ಮಾಲು ಬಂದರೆ ನಾನು ಮೊದಲು ಅಳೆಯುವುದಿಲ್ಲ, ಓದುತ್ತೇನೆ. ಎರಕ ಹೊಯ್ಯುವ ಅಚ್ಚಿನಲ್ಲೇ ಕಂಪನಿಯವರು ಅಂಕಿ, ಅಕ್ಷರ ಕೂರಿಸಿರುತ್ತಾರೆ. ಕಬ್ಬಿಣ ಆರಿದಾಗ ಅವು ಮೈಮೇಲೆ ಉಬ್ಬಿಕೊಂಡು ಬರುತ್ತವೆ. ಆಮೇಲೆ ಬಡಿದು ಕೂರಿಸಿದ ನಂಬರನ್ನು ಯಾರಾದರೂ ಅರೆದು ಬದಲಿಸಬಹುದು. ಎರಕದ ನಂಬರು ಹುಟ್ಟುಮಚ್ಚೆ ಇದ್ದ ಹಾಗೆ. ಯಾವ ಮಾದರಿ, ಯಾವ ಕಾಲದ್ದು, ಯಾವುದಕ್ಕೆ ಯಾವುದು ಜೋಡಿ ಎಂದು ಅದೇ ಹೇಳುತ್ತದೆ.

ಚಾಚಾನ ಹೆಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿದೆ. ಉಕ್ಕಿನ ಬ್ರಷ್ಷು ಅಕ್ಷರದ ಅಂಚು ತಿಂದುಬಿಡುತ್ತದೆ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಸವರಿ, ಟಾರ್ಚನ್ನು ಮಲಗಿಸಿ ಬೆಳಕು ಬಿಟ್ಟೆ. ನಂಬರು ಎದ್ದು ಬಂತು. ಅದರ ಬಾಜೂಕೆ ಎರಕದ ಕಾಲ ತೋರಿಸುವ ಸಣ್ಣ ದುಂಡನೆಯ ಗುರುತು, ಸುತ್ತ ಚುಕ್ಕಿ. ಅಲ್ಲಿಂದ ಸ್ವಲ್ಪ ಹಿಂದೆ ಒಂದರ ಕೆಳಗೊಂದು ಮೂರು ಅಡ್ಡ ಗೆರೆ. ಗೆರೆಗಳು ಕಬ್ಬಿಣದ್ದೇ, ಎರಕದಲ್ಲೇ ಉಬ್ಬಿ ಬಂದವು. ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಪುಣೆಯಲ್ಲಿ ಹಳೆಯ ಬಿಡಿಭಾಗ ಮಾರುವ ವ್ಯಾಪಾರಿಯೊಬ್ಬರಿಗೆ ಫೋಟೋ ಕಳಿಸಿದೆ. ಅವರು ತಮ್ಮ ಕೆಟಲಾಗು ತೆಗೆದು ನೋಡಿ, ನಂಬರು ಈ ಇಂಜಿನ್ನಿನದೇ, ಮಾಲು ಅಸಲಿ ಎಂದರು. ಮೂರು ಗೆರೆಯ ಬಗ್ಗೆ ಆಮೇಲೆ ಹೇಳುತ್ತೇನೆ ಎಂದರು. ನಂಬರು ಸರಿಯಿದ್ದ ಮೇಲೆ ನಾನು ಹೆಡ್ಡಿನ ಮೇಲೆ ಅನುಮಾನ ಬಿಟ್ಟೆ. ಅಕ್ಷರದ ಅಂಚು ಮೊಂಡಾಗಿತ್ತು, ಅದನ್ನು ತುಕ್ಕಿನ ಲೆಕ್ಕಕ್ಕೆ ಹಾಕಿದೆ.

ಹೆಡ್ಡನ್ನು ಅಂಗಾತ ಹಾಕಿ ನೇರ ಪಟ್ಟಿ ಇಟ್ಟು ನೋಡಿದರೆ ಕೂದಲೆಳೆಯಷ್ಟು ಸೊಟ್ಟ. ಸರಿ, ರೋಗ ಸಿಕ್ಕಿತು ಎಂದುಕೊಂಡು ಸಪಾಟು ಮಾಡಿ, ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ ಹೊಸದು ಕೂರಿಸಿ, ನಡುವಿನಿಂದ ಹೊರಕ್ಕೆ ನಟ್ಟು ಬಿಗಿಯುತ್ತ ಬಂದೆ. ಇಂಜಿನ್ ಮಗ್ಗದ ಹಾಗೆ ಲಯ ಹಿಡಿದು ಓಡಿತು. ಚಾಚಾ ಬಾನೆಟ್ಟಿಗೆ ಕಿವಿ ಕೊಟ್ಟು ನಿಂತಿದ್ದರು. ಒಂದು ಚಾ ಕುಡಿಯುವಷ್ಟರಲ್ಲಿ ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ನಾಲ್ಕನೇ ಸಿಲಿಂಡರಿನ ಹತ್ತಿರ ಸುಟ್ಟು ಕರಕಲಾಗಿತ್ತು.

ಪುಣೆಯವರು ಅಷ್ಟರಲ್ಲಿ ಮೂರು ಗೆರೆಗೆ ಅರ್ಥ ಕಂಡುಹಿಡಿದಿದ್ದರು. ಅದು ಮೂರನೆಯ ಅಚ್ಚಿನ ಗುರುತಂತೆ, ಅಂಥದ್ದಕ್ಕೆ ದಪ್ಪ ತಾಮ್ರದ ಗ್ಯಾಸ್ಕೆಟ್ಟೇ ಬೇಕಂತೆ. ಅವರಿಗೆ ಗೊತ್ತಿಲ್ಲ ಎನ್ನಲು ಮನಸ್ಸಿರಲಿಲ್ಲ, ನನಗೆ ನಂಬುವ ಅವಸರವಿತ್ತು. ತಾಮ್ರದ್ದು ಬರುವ ತನಕ ಚಾಚಾ ದಿನಾ ಬಂದು ಬಾಗಿಲ ಹತ್ತಿರ ಕೂತು ಹೋಗುತ್ತಿದ್ದರು. ಮೊದಲು ನೆಟ್ಟಗೆ ಒಳಗೆ ಬರುತ್ತಿದ್ದ ಮನುಷ್ಯ ಈಗ ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡು ಬರುತ್ತಿದ್ದರು. ನಾನು ಕಂಡೂ ಕಾಣದವನಂತೆ ಇದ್ದೆ.

ತಾಮ್ರದ್ದೂ ಕೈಕೊಟ್ಟಿತು. ಈ ಸಲ ಇನ್ನಷ್ಟು ಹೊತ್ತು ತಾಳಿ, ನಮ್ಮಿಬ್ಬರಿಗೂ ಆಸೆ ಹುಟ್ಟಿಸಿ ಕೈಕೊಟ್ಟಿತು. ಅದಕ್ಕಿಂತ ಕೆಟ್ಟದ್ದೆಂದರೆ ಸಿಲಿಂಡರುಗಳಿರುವ ಕೆಳಗಿನ ಬ್ಲಾಕಿನ ಮೈಮೇಲೂ ಉಗುರಿಗೆ ತಗುಲುವಷ್ಟು ಸುಟ್ಟ ಗೀರು ಬಿದ್ದಿತ್ತು. ಹೆಡ್ಡು ಹೋದರೆ ಇನ್ನೊಂದನ್ನು ಹುಡುಕಬಹುದು. ಬ್ಲಾಕೇ ಹೋದರೆ ಇಂಜಿನ್ನೇ ಹೋದಂತೆ.

ಸುಟ್ಟ ಗ್ಯಾಸ್ಕೆಟ್ಟಿನ ಮೇಲೆ ಬೆರಳಾಡಿಸುತ್ತ ಚಾಚಾ ಹೇಳಿದರು, "ಮುಂದ ಎಲ್ಲಾ ಬರೊಬ್ಬರಿ ಕುಂತೈತ್ರಿ. ಹಿಂದ ಹೆಡ್ಡಿನ ನೀರಿನ ತೂತಿಗೂ ಬ್ಲಾಕಿನ ತೂತಿಗೂ ತಾಳೆ ಇಲ್ಲ. ಅರ್ಧಾ ಮುಚ್ಚೈತಿ. ನೀರು ಹೋಗಂಗಿಲ್ಲ, ಅದಕ್ಕ ಸುಡತೈತಿ."

ಮಾತು ಸರಿಯಿತ್ತು. ಎರಕದ ಹೊತ್ತಿಗೆ ತೂತು ಬಿಡಲು ಒಳಗಿಟ್ಟ ಮಣ್ಣಿನ ತಿರುಳು ಸರಿದಿರಬೇಕು ಎಂದು ನನ್ನ ಊಹೆ.

"ಹಂಗಾರ ಬ್ಲಾಕಿನ ತೂತ ಕೊರದು ಈ ಕಡೆ ಸರಸ್ರಿ," ಎಂದರು.

"ಚಾಚಾ, ಅಲ್ಲಿ ಗ್ವಾಡಿ ಭಾಳ ತೆಳ್ಳಗೈತಿ. ಆ ಕಡೆ ಹಾದು ಹೋತಂದ್ರ ಮುಗೀತು. ಮತ್ತೊಂದು ಬ್ಲಾಕ್ ಎಲ್ಲಿಂದ ತರೂದು?"

"ಮತ್ತೊಂದು ಯಾಕ ಬೇಕ್ರಿ? ನನ್ನ ಹಿಂದ ಯಾರ ಓಡಸವರು ಅದನ್ನ? ಒಂದು ಸುತ್ತು ತಡದ್ರ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಕುಂದಗೋಳಕ್ಕೆಲ್ಲ ಗೊತ್ತಿರುವಂಥದ್ದು. "ನಂಬರು ಸರಿ ಐತಿ, ತೂತು ಸರಿ ಇಲ್ಲ. ಇದು ಎಲ್ಲೋ ಸುಳ್ಳು ಹೇಳಾಕತ್ತೈತಿ. ಏನಂತ ತಿಳಿಯೂಮಟ ನಾ ಬ್ಲಾಕಿಗೆ ಹತ್ಯಾರ ಹಚ್ಚಾಂವ ಅಲ್ಲ! ನಿಮಗ ಅವಸರ ಇದ್ರ ಬ್ಯಾರೆ ಶಾಪಿಗೆ ಒಯ್ರಿ!"

ಚಾಚಾ ದನಿ ಏರಿಸಲಿಲ್ಲ. ಗ್ಯಾಸ್ಕೆಟ್ಟನ್ನು ಮೇಜಿನ ಮೇಲೆ ತಡಕಾಡಿ ಇಟ್ಟರು. "ನನ್ನ ಕಣ್ಣು ನಿಮ್ಮ ಅಳತಿಗೆ ಕಾಯೂದಿಲ್ರಿ ಮಿಸ್ತ್ರಿ," ಎಂದು ಗೋಡೆ ಹಿಡಿದುಕೊಂಡು ಹೊರಟುಹೋದರು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಸಂಜೆಗೆ ಅವರ ಮನೆಗೆ ಹೋಗಿ, ಆಯಿತು, ಕೊರೆಯುತ್ತೇನೆ ಎಂದು ಹೇಳಿ ಬಂದೆ. ಬ್ಲಾಕನ್ನು ಮಷಿನ್ನಿಗೆ ಏರಿಸಿ ಬಿಗಿದೆ. ಆದರೆ ಮರುದಿನ ಅಮವಾಸ್ಯೆ. ಅಮವಾಸ್ಯೆಯ ದಿನ ನಮ್ಮ ಶಾಪಿನಲ್ಲಿ ಮಷಿನ್ ತಿರುಗುವುದಿಲ್ಲ. ತೊಳೆದು, ಒರೆಸಿ, ಪೂಜೆ ಮಾಡಿ, ಅವಕ್ಕೂ ನಮಗೂ ವಿಶ್ರಾಂತಿ. ಕೊರೆಯುವುದು ಅದರ ಮರುದಿನಕ್ಕೆ ಹೋಯಿತು. ಆ ಒಂದು ದಿನವನ್ನು ನೆನೆದರೆ ಇವತ್ತಿಗೂ ಕೈ ಮುಗಿಯುವಂತಾಗುತ್ತದೆ.

ಅಮವಾಸ್ಯೆಯ ಬೆಳಿಗ್ಗೆ ನನ್ನ ಹೆಂಡತಿ ಪೂಜೆಯ ಬುಟ್ಟಿ ಹಿಡಿದು ಬಂದಳು. ಚಾಚಾನೂ ಬಂದಿದ್ದರು; ನಮ್ಮ ಅಮವಾಸ್ಯೆಯ ಕೊಬ್ಬರಿ-ಬೆಲ್ಲವನ್ನು ಅವರು ತಪ್ಪಿಸುವುದಿಲ್ಲ. ಇವಳು ವಿಭೂತಿ ಕಲಸಿದ ಬಟ್ಟಲಲ್ಲಿ ಮೂರು ಬೆರಳು ಅದ್ದುತ್ತ ಲೇತಿಗೆ ಎಳೆದಳು, ಬೋರಿಂಗ್ ಮಷಿನ್ನಿಗೆ ಎಳೆದಳು, ತಕ್ಕಡಿಯನ್ನೂ ಬಿಡಲಿಲ್ಲ. ಹಾಗೇ ಬೆಂಚಿನ ಮೇಲಿದ್ದ ಚಾಚಾನ ಹೆಡ್ಡಿನ ಕಡೆ ಕೈ ಚಾಚಿದವಳು ನಿಂತಳು.

"ಇದಕ್ಕ ಆಗಲೇ ಹಚ್ಚ್ಯಾರಲ್ರಿ," ಎಂದಳು.

"ಏನು?"

"ಏನಂದ್ರ? ವಿಭೂತಿ."

"ಏ ಹುಚ್ಚಿ, ಅದು ಕಂಪನಿ ಗುರುತು. ಮೂರನೇ ಅಚ್ಚಂತ."

"ಹೌದಾ? ಕಂಪನ್ಯಾಗೂ ಅಮಾಸಿ ಮಾಡತಾರೇನ್ರಿ ಮತ್ತ?" ಎನ್ನುತ್ತ ಮೂರು ಬೆರಳನ್ನು ಹೆಡ್ಡಿನ ಮೇಲಿಟ್ಟಳು. ಉಬ್ಬಿದ ಮೂರು ಗೆರೆಯ ಮೇಲೆ ಮೂರು ಬೆರಳೂ ತಪ್ಪದೆ ಕೂತವು. ಎಡದಿಂದ ಬಲಕ್ಕೆ ಎಳೆದಳು. ಗೆರೆಗಳು ಮೊದಲು ದಪ್ಪಗಿದ್ದು ಕೊನೆಗೆ ತೆಳ್ಳಗಾಗಿದ್ದವು, ಬೆರಳಿನ ಬಣ್ಣ ಮುಗಿಯುತ್ತ ಹೋದ ಹಾಗೆ. ಮೂರನೆಯ ಗೆರೆಯ ಕೆಳಗೆ ಬಣ್ಣ ಜಾರಿ ಇಳಿದ ಒಂದು ಹನಿಯ ಗುರುತೂ ಇತ್ತು. ಅದೂ ಕಬ್ಬಿಣದ್ದೇ.

ಥೂ ನನ್ನ! ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಇದನ್ನೇ ಹಣೆಗೆ ಎಳೆದುಕೊಳ್ಳುವವನು ನಾನು. ಇಂಗ್ಲಂಡಿನ ಕಾರ್ಖಾನೆಯ ಗುರುತು ಎಂದು ಪುಣೆಯ ತನಕ ವಿಚಾರಿಸಿದ್ದೆ.

ಚಾಚಾ ಎದ್ದು ಬಂದು ತಮ್ಮ ಮೂರು ಬೆರಳು ಇಟ್ಟು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಅಬ್ಬಾನ ಇಂಜಿನ್ನಿಗೆ ವಿಭೂತಿ ಯಾವಾಗ ಹಚ್ಚಿದ್ರಿ ಮಿಸ್ತ್ರಿ? ನಮಗ ಒಂದು ಮಾತು ಹೇಳಬಾರದೇನು?"

ನಾನು ನಗಲಿಲ್ಲ. ತಲೆಯಲ್ಲಿ ಒಂದೊಂದೇ ಬೀಗ ತೆರೆದುಕೊಳ್ಳತೊಡಗಿತ್ತು. ಮಷಿನ್ ತಿರುಗಿಸಬಾರದು, ಅಳೆಯಬಾರದೆಂದಿಲ್ಲವಲ್ಲ. ಡಿವೈಡರ್ ತೆಗೆದುಕೊಂಡು ಕೂತೆ.

ಕಬ್ಬಿಣದ ಎರಕ ಆರುವಾಗ ಅಡಿ ಉದ್ದಕ್ಕೆ ಒಂದು ಸೂತಿನಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಕುಗ್ಗುತ್ತದೆ. ಅದಕ್ಕೇ ಅಚ್ಚಿನ ಮಾದರಿ ಕೆತ್ತುವ ಬಡಿಗರು ಮೊದಲೇ ಅಷ್ಟು ಹಿಗ್ಗಿಸಿ ಕೆತ್ತುತ್ತಾರೆ. ಅವರ ಅಳತೆಪಟ್ಟಿಯೇ ಬೇರೆ. ಹಾಗೆ ಮಾಡದೆ ಹಳೆಯ ಹೆಡ್ಡನ್ನೇ ಮಣ್ಣಿನಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದರೆ ಹೊಸದು ಹಳೆಯದಕ್ಕಿಂತ ಸಣ್ಣದಾಗುತ್ತದೆ. ಕಂಪನಿಯ ನಂಬರೂ ಹಾಗೇ ಅಚ್ಚಾಗುತ್ತದೆ, ಅಂಚು ಮಾತ್ರ ಮೊಂಡಾಗುತ್ತದೆ. ಮೇಲೆ ದಪ್ಪಗೆ ಬಣ್ಣ ಹಚ್ಚಿದ್ದರೆ ಆ ಬಣ್ಣವೂ ಕಬ್ಬಿಣವಾಗಿ ಬರುತ್ತದೆ.

ನಟ್ಟು ಕೂರುವ ದುಂಡನೆಯ ಗುಬ್ಬಿಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಮುಂದಿನ ಗುಬ್ಬಿಯಲ್ಲಿ ತೂತು ನಟ್ಟನಡುವಿತ್ತು. ಹಿಂದಕ್ಕೆ ಹೋದಂತೆ ತೂತು ನಡು ಬಿಟ್ಟು ಸರಿಯುತ್ತ, ಕೊನೆಯದರಲ್ಲಿ ಅಂಚಿಗೇ ಬಂದಿತ್ತು. ಕೊರೆದವರು ಬ್ಲಾಕಿನ ಅಳತೆ ಹಿಡಿದು ಮುಂದಿನಿಂದ ಸರಿಯಾಗಿಯೇ ಕೊರೆದಿದ್ದರು, ಕುಗ್ಗಿದ್ದು ಎರಕ. ಇಷ್ಟು ದಿನ ದೊಡ್ಡ ವಾಶರುಗಳು ಅದನ್ನು ಮುಚ್ಚಿಟ್ಟಿದ್ದವು. ಒಂದು ಮೂಲೆಯಲ್ಲಿ ಚಕ್ಕೆ ಹಾರಿದಂತಿತ್ತು. ನಿಜವಾಗಿ ಒಡೆದ ಜಾಗವಾದರೆ ಒಳಗೆ ಕಬ್ಬಿಣದ ಕಾಳು ಕಾಣಬೇಕು. ಇಲ್ಲಿ ಒಳಗೂ ಮಣ್ಣಿನ ಅಚ್ಚಿನ ಒರಟು ಚರ್ಮವೇ ಇತ್ತು. ಅಂದರೆ ಒಡೆದದ್ದು ಇದಲ್ಲ, ಇದರ ತಾಯಿ.

"ಚಾಚಾ, ಇದು ನಮ್ಮ ಕಡೆ ಫೌಂಡ್ರಿ ಮಾಲು. ಯಾರದೋ ಹೆಡ್ಡು ಇಟ್ಟು ಅಚ್ಚು ತಗದಾರ. ವಿಭೂತಿ ಹಚ್ಚೂ ಮಂದಿ. ಯಾರವರು?"

ಚಾಚಾನ ನಗು ನಿಂತಿತು. "ಕುಬಿಹಾಳದಾಗ ನಮ್ಮ ಹೊಲದ ಬಾಜೂಕ ಇಂಥಾದ ಒಂದು ಇಂಜಿನ್ ಇತ್ರಿ," ಎಂದರು ನಿಧಾನಕ್ಕೆ. "ಯಾರೋ ಮುರದ ಗಾಡಿದು ತಗೊಂಡು ಕುಂದರಿಸಿದ್ರು. ನಾ ಡ್ಯೂಟಿ ಮ್ಯಾಗ ಬ್ಯಾರೆ ಡಿಪೋದಾಗ ಇದ್ದಾಗ ನಮ್ಮ ಹೆಡ್ಡು ಸೀಳಿತ್ತಂತ. 'ಮಾಡಿಸೇವಿ' ಅಂದಿದ್ರು ಅಬ್ಬಾ. ಎಲ್ಲಿ, ಹೆಂಗ, ನಾ ಕೇಳಲಿಲ್ಲ."

ಹಳ್ಳದ ತಣ್ಣೀರು ಸದಾ ಹರಿಯುತ್ತಿದ್ದ ಪಂಪಿಗೆ ಆ ಅರ್ಧ ತೂತೂ ಸಾಕಾಗಿರಬೇಕು. ಬ್ಲಾಕು ಮಷಿನ್ನಿನ ಮೇಲೆ ಬಿಗಿದು ಕೂತಿತ್ತು. ನಾನು ಸ್ಪ್ಯಾನರ್ ತೆಗೆದುಕೊಂಡು ಅದನ್ನು ಕೆಳಗಿಳಿಸಿದೆ. ತಪ್ಪು ಮುಚ್ಚಳಕ್ಕಾಗಿ ಸರಿಯಾದ ಪಾತ್ರೆಯನ್ನು ಕೊರೆಯಲು ಹೊರಟಿದ್ದೆವು. ಚಾಚಾ ಬೇಡವೆನ್ನಲಿಲ್ಲ. "ಹಂಗಾರ ನಡ್ರಿ, ನಾಳೆ ಕುಬಿಹಾಳಕ್ಕ ಹೋಗೂಣು," ಎಂದರು.

ಮರುದಿನ ಪಿಕಪ್ಪಿನಲ್ಲಿ ಹೆಡ್ಡನ್ನೂ ಒಂದು ಹೊಸ ಗ್ಯಾಸ್ಕೆಟ್ಟನ್ನೂ ಹಾಕಿಕೊಂಡು ಹೋದೆವು. ಆ ಬಾಜೂ ಹೊಲದವರ ಮನೆಯ ಯಜಮಾನಿ ಹಣೆತುಂಬ ವಿಭೂತಿ ಇಟ್ಟ ಹಿರಿಯ ಹೆಣ್ಣುಮಗಳು. ಯಜಮಾನರು ತೀರಿಕೊಂಡು ಬಹಳ ವರ್ಷವಾಗಿತ್ತು, ಹೊಲವನ್ನು ಅವರೇ ನಿಂತು ನೋಡುತ್ತಿದ್ದರು. ಚಾಚಾ ತಂದೆಯ ಹೆಸರು ಹೇಳಿದ್ದೇ ತಡ, ಒಳಕ್ಕೆ ಕರೆದು ಚಾ ಇಟ್ಟರು. ನಾನು ಹೆಡ್ಡಿನ ಮೂರು ಗೆರೆ ತೋರಿಸಿದೆ. ಅವರು ಕೈಯಾಡಿಸಿ ನೋಡಿ, "ಇದು ನಮ್ಮದರ ಮರಿ," ಎಂದರು.

"ನೆನಪೈತೇನ್ರಿ ಅವ್ವಾರ?" ಎಂದೆ ನಾನು.

"ಜಗಳಾಡೇನಿ, ನೆನಪಿರಲಾರದ ಏನು?" ಎಂದು ಸೆರಗು ಸರಿಪಡಿಸಿಕೊಂಡರು. "ಮೆಣಸಿನ ಗಿಡ ಹೂ ಬಿಟ್ಟಿದ್ವು. ನೀರ ಬೇಕಾದ ಹೊತ್ತು. ಅಂಥಾದ್ರಾಗ ನಮ್ಮವರು ಹರಿಯೂ ನೀರ ನಿಲ್ಲಿಸಿ, ಹೆಡ್ಡು ಬಿಚ್ಚಿ ಇವರ ಅಪ್ಪಗ ಕೊಟ್ಟ ಕಳಿಸಿದ್ರು, ಅಚ್ಚು ತಗಸ್ಕೊ ಅಂತ. 'ನಮ್ಮ ಗಿಡ ಹೂ ಬಿಟ್ಟಾವ, ನಿಮಗ ಬುದ್ಧಿ ಐತೇನು' ಅಂತ ನಾ ಅಂದೆ."

"ಏನಂದ್ರು ಅವರು?"

"'ಅವನ ಗಿಡಾನೂ ಹೂ ಬಿಟ್ಟಾವ' ಅಂದ್ರು."

ಚಾಚಾ ತಲೆ ತಗ್ಗಿಸಿ ಕೂತರು. ಕೈಯಲ್ಲಿದ್ದ ಚಾ ಆರುತ್ತಿತ್ತು. "ನಮಗ ಇದು ಗೊತ್ತ ಇರಲಿಲ್ರಿ ಅಕ್ಕಾರ," ಎಂದರು ಕೊನೆಗೆ. "ಆ ವರ್ಷದ ಮೆಣಸಿನಕಾಯಿ ಮ್ಯಾಗ ನನ್ನ ತಂಗಿ ನಿಖಾ ಆತು."

"ಆಗ್ಲಿ ಬಿಡ್ರಿ, ಗೊತ್ತಾಗಾಕ ಏನೈತಿ ಅದರಾಗ," ಎಂದರು ಯಜಮಾನಿ.

ಗೆರೆಯ ಕಥೆಯನ್ನೂ ಅವರೇ ಹೇಳಿದರು. ಹಳ್ಳದ ದಂಡೆಯಲ್ಲಿ ನೀರು ಸಿಡಿದು ವಿಭೂತಿ ನಿಲ್ಲುವುದಿಲ್ಲವೆಂದು ಯಜಮಾನರು ಪ್ರತಿ ಮಹಾನವಮಿಗೆ ಬಿಳಿ ಎಣ್ಣೆಬಣ್ಣದಲ್ಲಿ ಬೆರಳದ್ದಿ ಎಳೆಯುತ್ತಿದ್ದರಂತೆ. ಹಳೆಯದರ ಮೇಲೆ ಹೊಸದು ಬಿದ್ದು ಗೆರೆ ದಪ್ಪವಾಗುತ್ತ ಹೋಯಿತು. ಫೌಂಡ್ರಿಯವನು ಬಣ್ಣ ಕೆರೆದು ಅಚ್ಚು ತೆಗೆಯುತ್ತೇನೆ ಎಂದಾಗ, ಹಚ್ಚಿದ ವಿಭೂತಿಯನ್ನು ಕೆರೆಯಬಾರದು, ಹಾಗೇ ತೆಗೆ ಎಂದು ಹೇಳಿ ಕಳಿಸಿದ್ದರಂತೆ.

"ಆ ಹೆಡ್ಡು ಈಗ?" ಎಂದು ಕೇಳಿದೆ.

"ಇಂಜಿನ್ನು ಗುಜರಿಗೆ ಕೊಟ್ವಿ. ವಿಭೂತಿ ಇದ್ದದ್ದನ್ನ ಹೆಂಗ ಕೊಡೂದ್ರಿ? ಇಟ್ಟೇವಿ."

ಹಳ್ಳದ ದಂಡೆಯ ಪಂಪಿನ ಮನೆಯ ಗೂಡಿನಲ್ಲಿ ಅದು ಕೂತಿತ್ತು. ಮೇಲೆ ಮೂರು ಬಿಳಿ ಗೆರೆ, ಬೆರಳು ದಪ್ಪ. ಯಜಮಾನಿ ಈಗಲೂ ವರ್ಷಕ್ಕೊಮ್ಮೆ ಹಚ್ಚುತ್ತಾರೆ. ಬಣ್ಣ ಹರಡಿ ಹರಡಿ ನಂಬರಿನ ಮೇಲೂ ಹೋಗಿ, ಒಂದು ಅಂಕಿಯೂ ಕಾಣುತ್ತಿರಲಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಕಿಸೆಯಲ್ಲಿದ್ದ ಚೂರಿಗೆ ಹೋಯಿತು.

"ಕೊಡತೇನ್ರಿ, ಒಯ್ರಿ. ಆದ್ರ ಅದನ್ನ ಕೆರೀಬ್ಯಾಡ್ರಿ," ಎಂದರು ಅವರು.

ಓದದೆ ಗುರುತಿಸಬೇಕು. ಎರಡೂ ಹೆಡ್ಡುಗಳನ್ನು ನೆಲದ ಮೇಲೆ ಜೋಡಿಸಿ ಇಟ್ಟೆ. ಮೂಲೆಯ ಚಕ್ಕೆ ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇತ್ತು. ಇದರಲ್ಲಿ ಒಳಗೆ ಕಾಳು ಕಾಳು ಕಾಣುತ್ತಿತ್ತು. ಡಿವೈಡರನ್ನು ಮರಿಯ ಮೊದಲ ಗುಬ್ಬಿಯಿಂದ ಕೊನೆಯ ಗುಬ್ಬಿಗೆ ಹಿಡಿದು ತಾಯಿಯ ಮೇಲೆ ಇಟ್ಟೆ. ಒಂದೂವರೆ ಸೂತು ಕಡಿಮೆ ಬಿತ್ತು. ಒಂದೂವರೆ ಅಡಿಯ ಹೆಡ್ಡಿಗೆ ಬೀಳಬೇಕಾದದ್ದೂ ಅಷ್ಟೇ. ಪ್ರತಿ ಗುಬ್ಬಿಯಲ್ಲೂ ತೂತು ನಟ್ಟನಡುವೆ. ಗ್ಯಾಸ್ಕೆಟ್ ಹಾಸಿದರೆ ಹಿಂದಿನ ನೀರಿನ ತೂತು ಹುಣ್ಣಿಮೆಯ ಚಂದ್ರನ ಹಾಗೆ ಪೂರ್ತಿ ತೆರೆದಿತ್ತು. ಒಳಗೆ ಸೀಮೆಎಣ್ಣೆ ಹೊಯ್ದು ನೆರಳಿನಲ್ಲಿ ಕೂತು ಕಾದೆವು. ಎಲ್ಲೂ ಜಿನುಗಲಿಲ್ಲ. ಕಂಪನಿಯ ನಂಬರು ಒಂದೂ ಕಾಣದೆ ಅಷ್ಟು ಖಾತ್ರಿಯಿಂದ ನಾನು ಯಾವ ಮಾಲನ್ನೂ ಒಪ್ಪಿದ್ದಿಲ್ಲ.

ಹೊರಡುವಾಗ ಮರಿಯನ್ನು ಪಿಕಪ್ಪಿಗೆ ಎತ್ತಲು ಹೋದರೆ ಯಜಮಾನಿ ತಡೆದರು. "ಅದನ್ನ ಇಲ್ಲೇ ಇಟ್ಟು ಹೋಗ್ರಿ. ಗೂಡು ಖಾಲಿ ಬಿಡಬಾರದು. ಅದರ ಮೈಮ್ಯಾಗೂ ನಮ್ಮವರ ಬೆರಳ ಅದಾವ." ಚಾಚಾ ತಾವೇ ಅದನ್ನು ಎರಡೂ ಕೈಯಲ್ಲಿ ಎತ್ತಿ ಗೂಡಿನಲ್ಲಿ ಕೂರಿಸಿದರು.

ಶಾಪಿಗೆ ತಂದು ತಳದ ಮೈಯನ್ನು ಮಾತ್ರ ಹಗುರಕ್ಕೆ ಸವರಿ ಸಪಾಟು ಮಾಡಿದೆ. ಬ್ಲಾಕಿನ ಗೀರು ತೆಗೆದೆ. ಮೇಲಿನ ಬಣ್ಣಕ್ಕೆ ಕೈ ಹಚ್ಚಲಿಲ್ಲ. ಅಲ್ಲಿ ಯಾವ ನಂಬರಿದೆ ಎಂದು ಇವತ್ತಿಗೂ ನಾನು ಓದಿಲ್ಲ. ಪುಣೆಯವರು ಫೋನು ಮಾಡಿ, ಮೂರು ಗೆರೆಯ ಬಗ್ಗೆ ಇನ್ನೇನಾದರೂ ಗೊತ್ತಾಯಿತೇ ಎಂದು ಕೇಳಿದರು. ಅದು ನಮ್ಮ ಮನೆತನದ ಗುರುತು ಎಂದೆ. ಅವರಿಗೆ ಏನು ತಿಳಿಯಿತೋ!

ಕಡಲೆ ಕಿತ್ತು ಖಾಲಿಯಾಗಿದ್ದ ಹೊಲವನ್ನು ಕೊಟ್ಟವರೂ ಆ ಯಜಮಾನಿಯೇ. ಎರೆ ಭೂಮಿ ಗಟ್ಟಿಯಾಗಿತ್ತು, ಇನ್ನೂ ಬಿರುಕು ಬಿಟ್ಟಿರಲಿಲ್ಲ. ಕಾರನ್ನು ಟೆಂಪೋದಲ್ಲಿ ಏರಿಸಿಕೊಂಡು ಹೋದೆವು. ನನ್ನ ಹೆಂಡತಿ, "ಗುರುತು ಹಿಡಿದಾಕಿ ನಾನು, ನಾನೂ ಕುಂದರತೇನಿ," ಎಂದು ಹಿಂದಿನ ಸೀಟಿನಲ್ಲಿ ಕೂತಳು. ಬೇಡ ಬೇಡವೆನ್ನುತ್ತಲೇ ಯಜಮಾನಿಯೂ ಅವಳ ಪಕ್ಕ ಕೂತರು.

ಚಾಚಾ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟರು, ನಾನು ಅವರ ಪಕ್ಕ ಕೂತೆ. ಅವರ ಕಣ್ಣಿನ ಬೆಳಕಿನ ಕೊಳವೆ ಆಗ ಎಷ್ಟು ಸಣ್ಣದಾಗಿತ್ತು ಎಂದು ನಾನು ಕೇಳಲಿಲ್ಲ. ಬಿಸ್ಮಿಲ್ಲಾ ಎಂದು ಗೇರು ಹಾಕಿದರು. ಎಷ್ಟು ಮೆತ್ತಗೆ ಹಾಕಿದರೆಂದರೆ ಗಾಡಿ ಹೊರಟದ್ದು ಹಿಂದೆ ಕೂತವರಿಗೆ ತಿಳಿಯಲಿಲ್ಲ.

"ಸೀದಾ ಐತೇನ್ರಿ?"

"ಸೀದಾ ಐತಿ. ಮುಂದ ಬದು ಬರತೈತಿ, ಬಲಕ್ಕ ತಗೋರಿ."

ನಾನು ಹೇಳುವ ಮೊದಲೇ ಅವರ ಕೈ ತಿರುಗಿರುತ್ತಿತ್ತು. ಹೊಲದ ನಾಲ್ಕೂ ಬದು ಸುತ್ತಿ, ಹೊರಟ ಜಾಗಕ್ಕೇ ತಂದು ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲಿಲ್ಲ. ಇಳಿದು, ಗಾಡಿಯ ಮೈ ಹಿಡಿದುಕೊಂಡು ಮುಂದಕ್ಕೆ ಹೋಗಿ ಬಾನೆಟ್ ಎತ್ತಿದರು. ಕಾದ ಎಣ್ಣೆಬಣ್ಣದ ವಾಸನೆ ಬಂತು. ಬಿಳಿ ಗೆರೆಗಳು ಕಮರಿ ಹಳದಿಗೆ ತಿರುಗಿದ್ದವು.

"ನೀರು ಕೊಡ್ರಿ," ಎಂದರು.

ಚೊಂಬು ಕೈಗೆ ಕೊಟ್ಟೆ. ಬೆರಳು ಅದ್ದಿ, ಇನ್ನೊಂದು ಕೈಯಿಂದ ಅಂದಾಜು ಮಾಡಿಕೊಂಡು, ಹಿಂದಿನ ತುದಿಗೆ ಒಂದು ಹನಿ ಬಿಟ್ಟು ಕಿವಿ ಬಗ್ಗಿಸಿದರು. ಏನೂ ಕೇಳಲಿಲ್ಲ. ಇನ್ನೊಂದು ಹನಿ ಬಿಟ್ಟರು.

"ಹನಿ ಬಿತ್ತೇನ್ರಿ ಮಿಸ್ತ್ರಿ?"

"ಬಿತ್ರಿ ಚಾಚಾ. ನಾಕನೇದರ ಮ್ಯಾಗ ಬಿತ್ತು. ಅಲ್ಲೇ ಐತಿ," ಎಂದೆ. ನನಗೂ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿದ್ದವು.

ಚಾಚಾ ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು ಬಾನೆಟ್ ಮುಚ್ಚಿದರು.

"ಹಂಗಾರ ಇನ್ನೊಂದು ಸುತ್ತು ಹೋಗೂಣು ಬರ್ರಿ."